ಐಫೋನಿಗಾಗಿ ಲೆಪರ್ಡ್ ಮುಂದೆ ಹೋದಾಗ ಮ್ಯಾಕ್ ಕಳೆದುಕೊಂಡದ್ದೇನು?

ಬಿಲ್ಡ್_ಬೆಂಚು

2007ರ ಏಪ್ರಿಲ್ 12ರಂದು ಆಪಲ್ ಒಂದು ಪ್ರಕಟಣೆ ಹೊರಡಿಸಿತು. ಜೂನ್‌ನ ಡೆವಲಪರ್ ಸಮ್ಮೇಳನದ ಹೊತ್ತಿಗೆ ಬರಬೇಕಿದ್ದ ಮ್ಯಾಕ್ ಓಎಸ್ ಎಕ್ಸ್ 10.5 ಲೆಪರ್ಡ್ ಅಕ್ಟೋಬರ್‌ಗೆ ಹೋಗುತ್ತದೆ, ಯಾಕೆಂದರೆ ಐಫೋನನ್ನು ಹೇಳಿದ ಸಮಯಕ್ಕೆ ಮುಗಿಸಲು ಮ್ಯಾಕ್ ತಂಡದ ಕೆಲವು ಮುಖ್ಯ ಎಂಜಿನಿಯರುಗಳನ್ನೂ ಕ್ಯೂಎ (ಗುಣಮಟ್ಟ ಪರೀಕ್ಷೆ) ಜನರನ್ನೂ ಎರವಲು ತೆಗೆದುಕೊಳ್ಳಬೇಕಾಯಿತು ಅಂತ. ಅದೇ ವರ್ಷ ಜನವರಿ 9ರಂದು ಐಫೋನ್ ತೋರಿಸಿದ ವೇದಿಕೆಯಲ್ಲೇ ಕಂಪನಿ ತನ್ನ ಹೆಸರಿನಿಂದ ‘ಕಂಪ್ಯೂಟರ್’ ಅನ್ನುವುದನ್ನು ಕೈಬಿಟ್ಟಿತ್ತು.

ನಮ್ಮಲ್ಲೂ ಈಗ ಇಂಥದೇ ಚರ್ಚೆ ನಡೆದಿದೆ. ಡೆಸ್ಕ್‌ಟಾಪ್ ಸಾಫ್ಟ್‌ವೇರ್ ತಂಡದಿಂದ ಒಂದಷ್ಟು ಜನರನ್ನು ಹೊಸ ಸಾಧನದ ಕೆಲಸಕ್ಕೆ ಕೊಡಬೇಕು. ಅದಕ್ಕೇ ಈ ಹಳೆಯ ಪ್ರಕರಣವನ್ನು ಸರಿಯಾಗಿ ಬಿಡಿಸಿ ನೋಡುವ ಆಸೆ. ತಡವಾದ ಕೆಲಸಕ್ಕೆ ಜನ ಸೇರಿಸಿದರೆ ಅದು ಇನ್ನೂ ತಡವಾಗುತ್ತದೆ ಅಂತ ಎಲ್ಲರೂ ಹೇಳುತ್ತೇವಲ್ಲ, ಐಫೋನಿನ ವಿಷಯದಲ್ಲಿ ಹಾಗೆ ಯಾಕೆ ಆಗಲಿಲ್ಲ? ನಾಲ್ಕು ತಿಂಗಳ ತಡ ಬಿಟ್ಟರೆ ಮ್ಯಾಕ್ ಕಡೆಗೆ ಆದ ನಷ್ಟ ಏನು? ಅದನ್ನು ನಂಬಿಕೊಂಡಿದ್ದ ಹೊರಗಿನ ಡೆವಲಪರ್‌ಗಳಿಗೆ ಮುಂಚಿತವಾಗಿ ಸುಳಿವು ಸಿಕ್ಕಿತ್ತಾ?

ಇನ್ನೊಂದು ವಿಷಯ. ಒಂದು ಹಳೆಯ ಪವರ್‌ಬುಕ್ ಜಿ4 ಲ್ಯಾಪ್‌ಟಾಪ್, ಲೆಪರ್ಡ್‌ಗೆ ಹಿಂದಿನ ಓಎಸ್ ಟೈಗರ್ ಇರುವುದು, ಮತ್ತೆ ಲೆಪರ್ಡ್ 10.5.0ರ ಮೂಲ ಡಿವಿಡಿ ಇವೆ. ತಂಡಕ್ಕೆ ಹಾಕಿ ತೋರಿಸಬೇಕು ಅಂತಿದೆ. ಏನು ಜಾಗ್ರತೆ ಬೇಕು? ‘ಜಾಬ್ಸ್ ದೂರದೃಷ್ಟಿ’ ಅನ್ನುವ ಉತ್ತರ ಬೇಡ. ಕೋಡ್, ಟೆಸ್ಟಿಂಗ್, ಹಣ, ಇಷ್ಟರ ಬಗ್ಗೆ ಹೇಳಿ.

ಡಾರ್ವಿನ್_ಓದುಗ

ನಿಮ್ಮ ಮೊದಲ ಪ್ರಶ್ನೆಗೆ: ಎರವಲು ಹೋದವರಿಗೆ ಆ ಕೋಡ್ ಹೊಸದಾಗಿರಲಿಲ್ಲ. ಐಫೋನಿನಲ್ಲಿ ಓಡಿದ್ದು ಮ್ಯಾಕ್‌ನದೇ ಎಕ್ಸ್‌ಎನ್‌ಯು ಕರ್ನಲ್ (ಓಎಸ್‌ನ ತಿರುಳು), ಫೋನಿನ ಎಆರ್‌ಎಂ ಚಿಪ್ಪಿಗೆ ಹೊಂದಿಸಿ ಪೋರ್ಟ್ ಮಾಡಿದ್ದು. ಅದರ ಮೇಲೆ ಫ್ರೇಮ್‌ವರ್ಕ್‌ಗಳು, ಅಂದರೆ ಆ್ಯಪ್‌ಗಳು ಬಳಸುವ ಸಿದ್ಧ ಕೋಡ್ ಕಟ್ಟುಗಳು: ಕೋರ್ ಫೌಂಡೇಶನ್, ಫೌಂಡೇಶನ್, ಕೋರ್ ಗ್ರಾಫಿಕ್ಸ್, ಕೋರ್ ಆಡಿಯೊ, ವೆಬ್‌ಕಿಟ್. ಎಲ್ಲಾ ಮ್ಯಾಕ್ ಮನೆಯ ಸಾಮಾನೇ. ದೊಡ್ಡದಾಗಿ ಹೊಸದು ಅಂದರೆ ಮ್ಯಾಕ್‌ನಲ್ಲಿ ಕಿಟಕಿ, ಮೆನು ನೋಡಿಕೊಳ್ಳುವ ಆಪ್‌ಕಿಟ್ ಇದ್ದ ಜಾಗಕ್ಕೆ ಬೆರಳಿನ ಸ್ಪರ್ಶಕ್ಕಾಗಿ ಬರೆದ ಯುಐಕಿಟ್. ತಡವಾದ ಕೆಲಸಕ್ಕೆ ಹೊಸಬರನ್ನು ಸೇರಿಸಿದಾಗ ಸಮಯ ಹೋಗುವುದು ಅವರಿಗೆ ಕಲಿಸುವುದರಲ್ಲಿ. ತಾವೇ ಬರೆದ ಫ್ರೇಮ್‌ವರ್ಕನ್ನು ಇನ್ನೊಂದು ಬೋರ್ಡಿನ ಮೇಲೆ ಓಡಿಸಲು ಬಂದವರಿಗೆ ಕಲಿಸುವುದು ಬಹಳ ಇರಲಿಲ್ಲ.

ಕಷ್ಟ ಇದ್ದದ್ದು ಮೆಮೊರಿಯಲ್ಲಿ. ಮೊದಲ ಐಫೋನ್ ಅಂದರೆ 412 ಮೆಗಾಹರ್ಟ್ಸ್‌ನ ಎಆರ್‌ಎಂ 11 ಪ್ರೊಸೆಸರ್, 128 ಎಂಬಿ ರ‍್ಯಾಮ್, 320 x 480 ಪರದೆ. ಮ್ಯಾಕ್‌ನಲ್ಲಿ ರ‍್ಯಾಮ್ ತುಂಬಿದರೆ ಕರ್ನಲ್ ಬಳಕೆಯಲ್ಲಿಲ್ಲದ ಪುಟಗಳನ್ನು (ಮೆಮೊರಿಯ ತುಂಡುಗಳನ್ನು) ಡಿಸ್ಕಿನ ಸ್ವಾಪ್ ಫೈಲಿಗೆ ತಳ್ಳುತ್ತದೆ. ಕಂಪ್ಯೂಟರ್ ನಿಧಾನವಾದರೂ ಕೆಲಸ ನಿಲ್ಲುವುದಿಲ್ಲ. ಐಫೋನಿನಲ್ಲಿ ಸ್ವಾಪ್ ಇಲ್ಲ. ಫೈಲಿನಿಂದ ಓದಿದ, ಬದಲಾಗದ ಪುಟಗಳನ್ನು ಎಸೆದು ಬೇಕಾದಾಗ ಮತ್ತೆ ಓದಬಹುದು. ಆದರೆ ಪ್ರೋಗ್ರಾಂ ಒಮ್ಮೆ ಬರೆದ ಪುಟ ರ‍್ಯಾಮ್‌ನಲ್ಲೇ ಇರಬೇಕು. ಜಾಗ ಮುಗಿಯುತ್ತಾ ಬಂದಾಗ ಆ್ಯಪ್‌ಗೆ ಎಚ್ಚರಿಕೆ ಹೋಗುತ್ತದೆ, ಆಗಲೂ ಬಿಟ್ಟುಕೊಡದಿದ್ದರೆ ಸಿಸ್ಟಂ ಅದನ್ನು ಕೊಂದೇ ಹಾಕುತ್ತದೆ. ಹಾಗಾಗಿ ಒಂದೊಂದು ಫ್ರೇಮ್‌ವರ್ಕೂ ಶುರುವಾಗುವಾಗ ಎಷ್ಟು ಪುಟ ಬರೆಯುತ್ತದೆ, ಯಾವ ಕ್ಯಾಶ್ (ಮತ್ತೆ ಬೇಕಾದೀತೆಂದು ಮೆಮೊರಿಯಲ್ಲಿಟ್ಟ ಡೇಟಾ) ಬೇಕು, ಯಾವುದು ಬೇಡ ಅಂತ ಕೂತು ಕತ್ತರಿಸಬೇಕು. ಈ ಕೆಲಸವನ್ನು ಆ ಫ್ರೇಮ್‌ವರ್ಕ್ ಬರೆದವರೇ ಮಾಡಬೇಕು. ಹೊಸ ನೇಮಕಾತಿಯಿಂದ ಆಗುವಂಥದ್ದಲ್ಲ.

ಮ್ಯಾಕ್‌ಗೆ ಪೆಟ್ಟು ಬಿದ್ದದ್ದೂ ಇಲ್ಲೇ. ಮೇಲ್ ಆ್ಯಪ್ ಬರೆಯುವ ಒಬ್ಬರು ಹೋದರೆ ಮೇಲ್ ಒಂದೇ ತಡವಾಗುತ್ತದೆ. ಗ್ರಾಫಿಕ್ಸ್, ಮೆಮೊರಿ, ಡ್ರೈವರ್, ಪವರ್ ಮ್ಯಾನೇಜ್‌ಮೆಂಟ್ ಗೊತ್ತಿರುವವರು ಹೋದರೆ ಅವರ ಮೇಲೆ ನಿಂತ ಎಲ್ಲವೂ ಕಾಯಬೇಕು. ಎರಡು ಉತ್ಪನ್ನಗಳ ತಳ ಒಂದೇ ಆಗಿರುವಾಗ, ಆ ತಳದ ಜನರೇ ಎರಡಕ್ಕೂ ಇಕ್ಕಟ್ಟಿನ ಜಾಗ.

ಕ್ಯೂಎ ಹೊರೆಯೂ ಆಗ ಸಹಜವಾಗಿರಲಿಲ್ಲ. 2006ರ ಜನವರಿಯಲ್ಲಷ್ಟೇ ಇಂಟೆಲ್ ಮ್ಯಾಕ್ ಬಂದಿತ್ತು. ಲೆಪರ್ಡ್ ಓಡಬೇಕಿದ್ದದ್ದು ನಾಲ್ಕು ಬಗೆಯಲ್ಲಿ: ಮ್ಯಾಕ್‌ನ ಹಿಂದಿನ ಚಿಪ್ ಪವರ್‌ಪಿಸಿ 32 ಬಿಟ್, 64 ಬಿಟ್, ಇಂಟೆಲ್ 32 ಬಿಟ್, 64 ಬಿಟ್. ಒಂದು ಬಗ್ ತಿದ್ದಿದರೆ ನಾಲ್ಕೂ ಕಡೆ ಪರೀಕ್ಷೆ. ಅತ್ತ ಫೋನಿಗೆ ಜೂನ್ 29 ಅನ್ನುವ ದಿನ ಕಟ್ಟಿಬಿಟ್ಟಿತ್ತು, ಮೊಬೈಲ್ ಸೇವೆಯ ಕಂಪನಿ ಎಟಿ ಆ್ಯಂಡ್ ಟಿ ಜೊತೆ ಒಪ್ಪಂದ ಇತ್ತು, ರೇಡಿಯೊ ಇರುವ ಸಾಧನವಾದ್ದರಿಂದ ಅಮೆರಿಕದ ಸಂವಹನ ನಿಯಂತ್ರಕ ಎಫ್‌ಸಿಸಿಯ ಅನುಮತಿಯೂ ಬೇಕಿತ್ತು. ಎರಡರಲ್ಲಿ ಸರಿಸಬಹುದಾದ ದಿನಾಂಕ ಒಂದೇ, ಲೆಪರ್ಡ್‌ನದು.

ಫೋನಿನ ಕೆಲಸದಿಂದ ಮ್ಯಾಕ್‌ಗೆ ವಾಪಸ್ ಬಂದದ್ದೂ ಇದೆ, ಅದನ್ನು ಲೆಕ್ಕಕ್ಕೆ ತರದೆ ಮಾತಾಡಿದರೆ ಅನ್ಯಾಯ. ಲೆಪರ್ಡ್‌ನ ಕೋರ್ ಆ್ಯನಿಮೇಶನ್ (ಪರದೆಯ ಮೇಲಿನ ಚಲನೆಗಳ ಫ್ರೇಮ್‌ವರ್ಕ್) ಮೊದಲು ಗ್ರಾಹಕರ ಕೈ ಸೇರಿದ್ದು ಫೋನಿನ ಒಳಗೆ, ಲೇಯರ್‌ಕಿಟ್ ಅನ್ನುವ ಹೆಸರಿನಲ್ಲಿ. ಯುಐಕಿಟ್‌ನಲ್ಲಿ ಪ್ರತಿ ವ್ಯೂಗೂ (ಪರದೆಯ ಪ್ರತಿ ಭಾಗಕ್ಕೂ) ಕೋರ್ ಆ್ಯನಿಮೇಶನ್‌ನ ಒಂದು ಲೇಯರ್ ಇದ್ದೇ ಇರುತ್ತದೆ. ಮ್ಯಾಕ್‌ನಲ್ಲಿ ಅದನ್ನು ಬೇಕೆಂದು ಆನ್ ಮಾಡಿಕೊಳ್ಳಬೇಕಿತ್ತು. ಹೊಸ ವಿಚಾರ ಯಾವ ಮನೆಯಲ್ಲಿ ಸಹಜವಾಗಿ ಕೂತಿತು ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಕ್ಯೂಎ_ಕಟ್ಟೆ

ಲೆಪರ್ಡ್ ಅಕ್ಟೋಬರ್ 26ರಂದು ಬಂತು. ಡಿವಿಡಿ ಹಾಕಿ ತೋರಿಸುವ ಯೋಚನೆ ಒಳ್ಳೆಯದು, 10.5.0ರಲ್ಲಿ ನೋಡಲು ಬೇಕಾದಷ್ಟಿದೆ.

ಮೊದಲು ಯಂತ್ರ ನೋಡಿಕೊಳ್ಳಿ. ಜಿ4 ಆದರೆ 867 ಮೆಗಾಹರ್ಟ್ಸ್ ಅಥವಾ ಹೆಚ್ಚು, 512 ಎಂಬಿ ರ‍್ಯಾಮ್, 9 ಜಿಬಿ ಖಾಲಿ ಜಾಗ, ಡಿವಿಡಿ ಡ್ರೈವ್ ಬೇಕೇ ಬೇಕು. ಅದಕ್ಕಿಂತ ನಿಧಾನದ ಜಿ4 ಇದ್ದರೆ ಇನ್‌ಸ್ಟಾಲರ್ ಮುಂದೆ ಹೋಗುವುದಿಲ್ಲ. ಒಳಗಿರುವ ಡೇಟಾ ಬೇರೆ ಡಿಸ್ಕಿಗೆ ತೆಗೆದಿಡಿ, ನೆಟ್‌ವರ್ಕ್ ಕೇಬಲ್ ಕಿತ್ತಿಡಿ, ವೈಫೈ ಆಫ್ ಮಾಡಿ. ಸಿ ಕೀ ಒತ್ತಿ ಹಿಡಿದು ಡಿವಿಡಿಯಿಂದ ಬೂಟ್ ಮಾಡಿದರೆ ಮೂರು ಆಯ್ಕೆ ಸಿಗುತ್ತವೆ: ಇದ್ದದ್ದರ ಮೇಲೇ ಅಪ್‌ಗ್ರೇಡ್, ಹಳೆಯ ಸಿಸ್ಟಂ ಪಕ್ಕಕ್ಕಿಟ್ಟು ಹೊಸದು ಹಾಕುವ ಆರ್ಕೈವ್ ಆ್ಯಂಡ್ ಇನ್‌ಸ್ಟಾಲ್, ಪೂರ್ತಿ ಅಳಿಸಿ ಹಾಕುವುದು.

ಮೊದಲ ವಾರ ಜನ ಸಿಕ್ಕಿಬಿದ್ದದ್ದು ಅಪ್‌ಗ್ರೇಡ್ ಆಯ್ಕೆಯಲ್ಲಿ. ಇನ್‌ಸ್ಟಾಲ್ ಮುಗಿದು ರೀಸ್ಟಾರ್ಟ್ ಆದಮೇಲೆ ಬರಿಯ ನೀಲಿ ಪರದೆ, ಲಾಗಿನ್ ಬರುವುದೇ ಇಲ್ಲ. ಬಹಳ ಕಡೆ ಕಾರಣ ಅಪ್ಲಿಕೇಶನ್ ಎನ್‌ಹ್ಯಾನ್ಸರ್ ಅನ್ನುವ ಹೊರಗಿನ ತಂತ್ರಾಂಶದ ಹಳೆಯ ಆವೃತ್ತಿ. ಅದು ಓಡುತ್ತಿರುವ ಆ್ಯಪ್‌ಗಳ ಒಳಗೆ ತನ್ನ ಕೋಡ್ ತೂರಿಸುತ್ತದೆ. ತಾನು ಹಾಕಿಕೊಂಡ ನೆನಪೇ ಇಲ್ಲದವರ ಕಂಪ್ಯೂಟರಿನಲ್ಲೂ ಅದು ಇತ್ತು, ಕೆಲವು ಮೌಸ್ ಡ್ರೈವರ್‌ಗಳ ಜೊತೆ ಬರುತ್ತಿತ್ತು. ಪರಿಹಾರ ಎರಡು. ಡಿವಿಡಿ ಮತ್ತೆ ಹಾಕಿ ಆರ್ಕೈವ್ ಆ್ಯಂಡ್ ಇನ್‌ಸ್ಟಾಲ್ ಮಾಡುವುದು ಒಂದು. ಇನ್ನೊಂದು, ಕಮಾಂಡ್ ಮತ್ತು ಎಸ್ ಕೀ ಹಿಡಿದು ಬರಿಯ ಕಮಾಂಡ್ ಟೈಪ್ ಮಾಡುವ ಸಿಂಗಲ್ ಯೂಸರ್ ಮೋಡಿಗೆ ಹೋಗಿ, ಡಿಸ್ಕ್ ಪರೀಕ್ಷಿಸಿ, ಬರೆಯಲು ಬರುವಂತೆ ಮೌಂಟ್ ಮಾಡಿ, ಆ ತಂತ್ರಾಂಶದ ಪ್ರಿಫರೆನ್ಸ್ ಪೇನ್, ಬಂಡಲ್, ಫ್ರೇಮ್‌ವರ್ಕ್, ಪಿಲಿಸ್ಟ್ (ಸೆಟ್ಟಿಂಗ್ ಫೈಲು) ನಾಲ್ಕನ್ನೂ ಅಳಿಸುವುದು. ಒಂದನ್ನು ಬಿಟ್ಟರೂ ತೊಂದರೆ ಉಳಿಯಬಹುದು.

ಫೈರ್‌ವಾಲ್ ನಿಮ್ಮ ತಂಡಕ್ಕೆ ಖಂಡಿತ ತೋರಿಸಿ. ಟೈಗರ್‌ನಲ್ಲಿ ಪೋರ್ಟ್ (ನೆಟ್‌ವರ್ಕ್ ಬಾಗಿಲಿನ ಸಂಖ್ಯೆ) ಲೆಕ್ಕದ ಫೈರ್‌ವಾಲ್ ಇತ್ತು. ಲೆಪರ್ಡ್‌ನಲ್ಲಿ ಆ್ಯಪ್ ಲೆಕ್ಕದ್ದು ಬಂತು, ಮತ್ತು ಇನ್‌ಸ್ಟಾಲ್ ಆದಾಗ ಒಳಬರುವ ಎಲ್ಲ ಸಂಪರ್ಕಕ್ಕೂ ಅವಕಾಶ ಅನ್ನುವ ಸ್ಥಿತಿಯಲ್ಲಿತ್ತು. ‘ಎಲ್ಲವನ್ನೂ ತಡೆ’ ಅಂತ ಆರಿಸಿದರೂ ರೂಟ್ (ಸಿಸ್ಟಂನ ಪೂರ್ಣ) ಅಧಿಕಾರದ ಕೆಲವು ಸೇವೆಗಳು ಸಂಪರ್ಕಗಳನ್ನು ಒಳಗೆ ಬಿಡುತ್ತಿದ್ದವು. 10.5.1ರಲ್ಲಿ ಆ ಆಯ್ಕೆಯ ಹೆಸರನ್ನೇ ‘ಅಗತ್ಯ ಸೇವೆಗಳಿಗೆ ಮಾತ್ರ’ ಅಂತ ಬದಲಿಸಬೇಕಾಯಿತು. ಇನ್ನೂ ಒಂದು: ಡಿಜಿಟಲ್ ಸಹಿ ಇಲ್ಲದ ಆ್ಯಪ್‌ಗೆ ನೀವು ಅನುಮತಿ ಕೊಟ್ಟರೆ ಫೈರ್‌ವಾಲ್ ತಾನೇ ಅದಕ್ಕೆ ಸಹಿ ಹಾಕುತ್ತಿತ್ತು, ಅಂದರೆ ಆ್ಯಪ್‌ನ ಫೈಲನ್ನೇ ಬದಲಿಸುತ್ತಿತ್ತು. ತನ್ನ ಫೈಲು ಬದಲಾಗಿದೆಯೇ ಅಂತ ತಾನೇ ನೋಡಿಕೊಳ್ಳುವ ಸ್ಕೈಪ್‌ನಂಥ ಆ್ಯಪ್ ಮುಂದಿನ ಸಲ ತೆರೆಯುತ್ತಲೇ ಇರಲಿಲ್ಲ. ಅಳಿಸಿ ಮತ್ತೆ ಹಾಕಬೇಕಿತ್ತು.

ಮ್ಯಾಕ್‌ನಲ್ಲಿ ಫೈಲುಗಳನ್ನು ನೋಡಿಕೊಳ್ಳುವ ಫೈಂಡರ್‌ನ ದೋಷವನ್ನು ಸುಳ್ಳು ಡೇಟಾ ಇಟ್ಟುಕೊಂಡು ತೋರಿಸಬಹುದು. ದೊಡ್ಡ ಫೋಲ್ಡರ್ ಒಂದನ್ನು ಕಮಾಂಡ್ ಕೀ ಹಿಡಿದು ಯುಎಸ್‌ಬಿ ಡಿಸ್ಕಿಗೆ ಎಳೆಯಿರಿ. ಆಗ ಅದು ಕಾಪಿ ಆಗುವುದಿಲ್ಲ, ಸ್ಥಳಾಂತರವಾಗುತ್ತದೆ. ಅರ್ಧದಲ್ಲಿ ಕೇಬಲ್ ಎಳೆಯಿರಿ. ಅತ್ತ ಪೂರ್ತಿ ಹೋಗಿರುವುದಿಲ್ಲ, ಇತ್ತ ಮೂಲವೂ ಅಳಿದಿರುತ್ತದೆ. ಇದನ್ನು ನವೆಂಬರ್ 15ರ 10.5.1 ಸರಿಪಡಿಸಿತು. ಈ ಬಗ್ ಹುಟ್ಟಿದ್ದೇ ಎರವಲಿನಿಂದ ಅಂತ ನಾನು ಹೇಳುವುದಿಲ್ಲ. ಹೇಳುವುದು ಇಷ್ಟು: ಕ್ಯೂಎ ಕೈ ಕಡಿಮೆಯಾದಾಗ ಮೊದಲು ಬಿಟ್ಟುಹೋಗುವುದು ಅರ್ಧಕ್ಕೆ ನಿಂತ ಕೆಲಸಗಳ ಪರೀಕ್ಷೆ. ಕೇಬಲ್ ಕಿತ್ತದ್ದು, ನಿದ್ದೆಯಿಂದ ಎದ್ದ ಡಿಸ್ಕ್, ಹಳೆಯ ಸಿಸ್ಟಂ ಮೇಲೆ ಹೊಸದು. ಹೊಸ ಫೀಚರ್‌ಗಳ ಪರೀಕ್ಷೆ ಹೇಗೂ ನಡೆಯುತ್ತದೆ, ವೇದಿಕೆಯ ಮೇಲೆ ತೋರಿಸಬೇಕಲ್ಲ.

ಲೆಪರ್ಡ್‌ನ ಬ್ಯಾಕಪ್ ಸೌಲಭ್ಯ ಟೈಮ್ ಮಷೀನ್‌ಗೂ ಒಂದು ಮಾತು. ಆಪಲ್‌ನ ವೈಫೈ ರೌಟರ್ ಏರ್‌ಪೋರ್ಟ್ ಎಕ್ಸ್‌ಟ್ರೀಮ್‌ಗೆ ಸಿಕ್ಕಿಸಿದ ಡಿಸ್ಕಿಗೆ ಬ್ಯಾಕಪ್ ಮಾಡುವ ಸೌಲಭ್ಯ ಬಿಡುಗಡೆಯಲ್ಲಿ ಇರಲಿಲ್ಲ, 2008ರ ಮಾರ್ಚ್‌ನಲ್ಲಿ ಬಂತು. ಡಾಕ್‌ನಲ್ಲಿಟ್ಟ ಫೋಲ್ಡರ್ ತೆರೆದುಕೊಳ್ಳುವ ಸ್ಟ್ಯಾಕ್‌ಗೆ ಪಟ್ಟಿಯ ನೋಟ, ಮೆನು ಬಾರ್‌ನ ಪಾರದರ್ಶಕತೆ ಆಫ್ ಮಾಡುವ ಆಯ್ಕೆ 2008ರ ಫೆಬ್ರವರಿಯ 10.5.2ರಲ್ಲಿ. ನಿಜವಾಗಿ ಬಳಸಲು ಬೇಕಾದರೆ ಕೊನೆಯ 10.5.8ರ ಕಾಂಬೊ ಅಪ್‌ಡೇಟ್ ಹಾಕಿ, ಮಧ್ಯದವು ಒಂದೊಂದಾಗಿ ಬೇಡ.

ಬಿಲ್ಡ್_ಬೆಂಚು

ಇಬ್ಬರಿಗೂ ಧನ್ಯವಾದ. ಅರ್ಧಕ್ಕೆ ನಿಂತ ಕೆಲಸಗಳ ಪರೀಕ್ಷೆ ಅನ್ನುವ ಮಾತನ್ನು ನಮ್ಮ ಟೆಸ್ಟ್ ಪಟ್ಟಿಗೆ ಇವತ್ತೇ ಸೇರಿಸುತ್ತೇನೆ. 64 ಬಿಟ್ ಕಾರ್ಬನ್ ರದ್ದಾದದ್ದೂ ಇದೇ ಸಮಯದಲ್ಲಲ್ಲವೇ? ಅದಕ್ಕೂ ಇದಕ್ಕೂ ಸಂಬಂಧ ಇದೆಯೇ?

ಕಾರ್ಬನ್_ಕಡತ

ಸಮಯ ಅದೇ. ಆದರೆ ಆಪಲ್ ಐಫೋನಿನ ಹೆಸರು ಹೇಳಿದ್ದು ತಡಕ್ಕೆ ಮಾತ್ರ, ಕಾರ್ಬನ್‌ಗೆ ಅಲ್ಲ. ಇದನ್ನು ಬೇರೆಯಾಗಿಟ್ಟುಕೊಂಡೇ ಓದಿ.

ಕಾರ್ಬನ್ ಅಂದರೆ ಹಳೆಯ ಮ್ಯಾಕ್ ಓಎಸ್‌ನ ಪ್ರೋಗ್ರಾಂಗಳು ಪೂರ್ತಿ ಮರುಬರವಣಿಗೆ ಇಲ್ಲದೆ ಓಎಸ್ ಎಕ್ಸ್‌ಗೆ ಬರಲಿ ಅಂತ ಕೊಟ್ಟ ಸಿ ಭಾಷೆಯ ಎಪಿಐ (ಪ್ರೋಗ್ರಾಂ ಓಎಸ್‌ನಿಂದ ಕೆಲಸ ಮಾಡಿಸಿಕೊಳ್ಳುವ ಕರೆಗಳ ಗುಂಪು). ಫೋಟೋಶಾಪ್, ಮೈಕ್ರೋಸಾಫ್ಟ್ ಆಫೀಸ್, ಫೈನಲ್ ಕಟ್ ಪ್ರೊ, ಆಪಲ್‌ನ ಸ್ವಂತ ಫೈಂಡರ್ ಕೂಡ ಅದರ ಮೇಲೇ ನಿಂತಿದ್ದವು. 2006ರ ಆಗಸ್ಟ್ ಸಮ್ಮೇಳನದಲ್ಲಿ ಲೆಪರ್ಡ್‌ನಲ್ಲಿ ಓಎಸ್ ಎಕ್ಸ್‌ನ ಸ್ವಂತ ಎಪಿಐ ಆದ ಕೋಕೋ, ಮತ್ತು ಕಾರ್ಬನ್ ಎರಡಕ್ಕೂ 64 ಬಿಟ್ ಅಂತ ಮಾತು ಕೊಟ್ಟರು. 2007ರ ಜೂನ್ ಸಮ್ಮೇಳನದಲ್ಲಿ ಕಾರ್ಬನ್‌ನ ಬಳಕೆದಾರ ಇಂಟರ್‌ಫೇಸ್ ಭಾಗಕ್ಕೆ ಅದು ಇಲ್ಲ ಅಂದರು. ಕಿಟಕಿ, ಮೆನು, ಬಟನ್ ಇಲ್ಲದ 64 ಬಿಟ್‌ನಿಂದ ಫೋಟೋಶಾಪ್‌ಗೆ ಏನು ಪ್ರಯೋಜನ?

ಪರಿಣಾಮ ಲೆಕ್ಕ ಹಾಕಿ. 2008ರ ಅಕ್ಟೋಬರ್‌ನಲ್ಲಿ ಬಂದ ಫೋಟೋಶಾಪ್ ಸಿಎಸ್4 ವಿಂಡೋಸ್‌ನಲ್ಲಿ 64 ಬಿಟ್, ಮ್ಯಾಕ್‌ನಲ್ಲಿ 32. ಯಂತ್ರದಲ್ಲಿ 16 ಜಿಬಿ ಇದ್ದರೂ 32 ಬಿಟ್ ಪ್ರೋಗ್ರಾಂ ನೇರವಾಗಿ ಮುಟ್ಟುವುದು 4 ಜಿಬಿ ಒಳಗೇ, ಮಿಕ್ಕದ್ದಕ್ಕೆ ಸ್ಕ್ರಾಚ್ ಡಿಸ್ಕ್ (ಡಿಸ್ಕಿನಲ್ಲಿ ತಾತ್ಕಾಲಿಕ ಜಾಗ). ಅಡೋಬಿ ಕೋಕೋಗೆ ಬದಲಾಯಿಸಿ ಮ್ಯಾಕ್‌ಗೆ 64 ಬಿಟ್ ಕೊಟ್ಟದ್ದು ಸಿಎಸ್5ರಲ್ಲಿ, 2010ರ ವಸಂತದಲ್ಲಿ. ಅದೇ ಅಡೋಬಿಯ ಲೈಟ್‌ರೂಮ್ 2 ಮಾತ್ರ 2008ರಲ್ಲೇ ಮ್ಯಾಕ್‌ನಲ್ಲಿ 64 ಬಿಟ್ ಆಗಿತ್ತು, ಅದರ ಮ್ಯಾಕ್ ಭಾಗ ಕೋಕೋ ಮೇಲೆ ಇದ್ದದ್ದರಿಂದ. ಆಪಲ್‌ನ ಫೈನಲ್ ಕಟ್‌ಗೆ 64 ಬಿಟ್ ಬಂದದ್ದು 2011ರ ಫೈನಲ್ ಕಟ್ ಪ್ರೊ ಎಕ್ಸ್‌ನಲ್ಲಿ. ಹಿಂದಿನ ಆವೃತ್ತಿಯ ಪ್ರಾಜೆಕ್ಟ್ ಅದರಲ್ಲಿ ತೆರೆಯುತ್ತಿರಲಿಲ್ಲ, ಎಡಿಟರ್‌ಗಳು ಸಿಟ್ಟಾದರು. ನಾಲ್ಕು ತಿಂಗಳ ತಡವನ್ನು ಜನ ಮರೆತರು, ಈ ಪೆಟ್ಟಿನಿಂದ ಚೇತರಿಸಿಕೊಳ್ಳಲು ವರ್ಷಗಳೇ ಹಿಡಿದವು. ನಿಮ್ಮ ಎರಡನೇ ಪ್ರಶ್ನೆಗೆ ನನ್ನ ಉತ್ತರ ಇದು.

ನನ್ನ ಅಭಿಪ್ರಾಯ: ಫೋನಿನ ಯುಐಕಿಟ್ ಕೋಕೋ ವಂಶದ್ದು. ಮುಂದಿನ ಹತ್ತು ವರ್ಷ ಆ ಮನೆಯೇ ಬೆಳೆಯುವುದು ಅಂತ ಗೊತ್ತಿದ್ದಾಗ ಕಾರ್ಬನ್‌ಗೆ ಇನ್ನೊಂದು 64 ಬಿಟ್ ಸಾಲು ಬರೆದು, ಪರೀಕ್ಷಿಸಿ, ಕಾಪಾಡುವುದಕ್ಕೆ ಜನ ಯಾರು? ರದ್ದು ಮಾಡಿದ್ದು ತಾಂತ್ರಿಕವಾಗಿ ಸರಿ. ಮಾತು ಕೊಟ್ಟು ಹತ್ತು ತಿಂಗಳ ಮೇಲೆ ಹಿಂದಕ್ಕೆ ತೆಗೆದುಕೊಂಡದ್ದು ತಪ್ಪು.

ಸುಳಿವಿನ ವಿಷಯ. ಕಂಪನಿ ತನ್ನ ಹೊಸ ಫೀಚರನ್ನು ಯಾವ ಎಪಿಐಗೆ ಮಾತ್ರ ಕೊಡುತ್ತದೆ ನೋಡಿ. ಕೋರ್ ಆ್ಯನಿಮೇಶನ್ ಕೋಕೋದ ಭಾಷೆ ಆಬ್ಜೆಕ್ಟಿವ್-ಸಿಯಲ್ಲಿ ಬಂದಾಗಲೇ ಕಾರ್ಬನ್ ಕಥೆ ಓದಬಹುದಿತ್ತು. ಇನ್ನೊಂದು, ಗಾರ್ಬೇಜ್ ಕಲೆಕ್ಷನ್, ಅಂದರೆ ಬಳಸಿ ಬಿಟ್ಟ ಮೆಮೊರಿಯನ್ನು ತಾನೇ ಗುಡಿಸುವ ವ್ಯವಸ್ಥೆ. ಲೆಪರ್ಡ್‌ನಲ್ಲಿ ಆಬ್ಜೆಕ್ಟಿವ್-ಸಿ 2.0 ಜೊತೆ ಅದನ್ನು ಕೊಟ್ಟರು, ಫೋನಿಗೆ ಎಂದೂ ಕೊಡಲಿಲ್ಲ. 2011ರಲ್ಲಿ ಅದೇ ಕೆಲಸಕ್ಕೆ ಎರಡಕ್ಕೂ ಹೊಂದುವ ಬೇರೆ ವಿಧಾನ ಎಆರ್‌ಸಿ ಬಂತು, 2012ರಲ್ಲಿ ಮ್ಯಾಕ್‌ನ ಗಾರ್ಬೇಜ್ ಕಲೆಕ್ಷನ್‌ಗೆ ‘ಇನ್ನು ಬಳಸಬೇಡಿ’ ಅನ್ನುವ ಪಟ್ಟಿ ಬಿತ್ತು. ಹೊಸ ಸಾಧನಕ್ಕೆ ಬಾರದ ತಂತ್ರಜ್ಞಾನವನ್ನು ನಂಬಿ ಕಟ್ಟಬೇಡಿ. 2010ರ ಸಮ್ಮೇಳನದಲ್ಲಂತೂ ಡಿಸೈನ್ ಪ್ರಶಸ್ತಿಗೆ ಐಫೋನ್, ಐಪ್ಯಾಡ್ ಆ್ಯಪ್‌ಗಳನ್ನು ಮಾತ್ರ ಪರಿಗಣಿಸಿದರು, ಮ್ಯಾಕ್ ವಿಭಾಗವೇ ಇರಲಿಲ್ಲ. ಅಷ್ಟು ಬಹಿರಂಗವಾಗಿ ಯಾರೂ ಹೇಳುವುದಿಲ್ಲ.

ಲೆಕ್ಕದ_ಪುಸ್ತಕ

ಹಣದ ಕಡೆಯನ್ನು ಯಾರೂ ಮುಟ್ಟಿಲ್ಲ, ಚುಟುಕಾಗಿ ಹೇಳುತ್ತೇನೆ.

2007ರ ಸೆಪ್ಟೆಂಬರ್‌ಗೆ ಮುಗಿದ ಹಣಕಾಸು ವರ್ಷದಲ್ಲಿ ಆಪಲ್‌ನ ಮಾರಾಟ ಸುಮಾರು 24 ಬಿಲಿಯನ್ ಡಾಲರ್. ಮ್ಯಾಕ್ ಸುಮಾರು 70 ಲಕ್ಷ, 10 ಬಿಲಿಯನ್ ಡಾಲರ್ ಮೀರಿ. ಐಪಾಡ್ 5 ಕೋಟಿಗೂ ಹೆಚ್ಚು, 8 ಬಿಲಿಯನ್ ಮೀರಿ. ಐಫೋನ್ ಸುಮಾರು 14 ಲಕ್ಷ ಮಾರಾಟವಾಗಿಯೂ ಪುಸ್ತಕದಲ್ಲಿ ಕಂಡದ್ದು 12 ಕೋಟಿ ಡಾಲರ್ ಆಸುಪಾಸು ಮಾತ್ರ! ಯಾಕೆಂದರೆ ಐಫೋನಿನ ಆದಾಯವನ್ನು ಮಾರಿದ ದಿನವೇ ತೋರಿಸದೆ 24 ತಿಂಗಳಿಗೆ ಹರಡಿ ತೋರಿಸುತ್ತಿದ್ದರು. ಹಾಗೆ ಹರಡಿದ್ದರಿಂದ ಹೊಸ ಫೀಚರ್‌ಗಳನ್ನು ಉಚಿತವಾಗಿ ಕೊಡಬಹುದಿತ್ತು. ಐಪಾಡ್ ಟಚ್‌ಗೆ ಹಾಗೆ ಹರಡಿರಲಿಲ್ಲ, ಅದಕ್ಕೇ 2008ರ ಜನವರಿಯಲ್ಲಿ ಮೇಲ್, ಮ್ಯಾಪ್ಸ್ ಇತ್ಯಾದಿ ಬೇಕಾದವರು 20 ಡಾಲರ್ ಕೊಟ್ಟರು. ಮ್ಯಾಕ್‌ನ ಒಳಗೆ ಆಗಲೇ ಇದ್ದ 802.11ಎನ್ ವೈಫೈ ತೆರೆಯಲು 1.99 ಡಾಲರ್ ಕೇಳಿದ್ದೂ ಇದೇ ಲೆಕ್ಕದ ನಿಯಮದಿಂದ.

ಆದ್ಯತೆ ಸರಿದದ್ದನ್ನು ಓಎಸ್ ಬೆಲೆಯಲ್ಲೇ ಓದಿ. ಲೆಪರ್ಡ್ 129 ಡಾಲರ್. 2009ರಲ್ಲಿ ಸ್ನೋ ಲೆಪರ್ಡ್, ಲೆಪರ್ಡ್ ಇದ್ದವರಿಗೆ 29. 2011ರ ಲಯನ್ 29.99, 2012ರ ಮೌಂಟನ್ ಲಯನ್ 19.99, 2013ರ ಮ್ಯಾವರಿಕ್ಸ್ ಉಚಿತ. ಸಾಫ್ಟ್‌ವೇರ್ ತನ್ನ ಸಂಬಳ ತಾನು ದುಡಿಯುವುದು ನಿಂತಮೇಲೆ ಆ ತಂಡದ ಗಾತ್ರವನ್ನು ನಿರ್ಧರಿಸುವುದು ಸಾಧನದ ಮಾರಾಟ. ನಿಮ್ಮಲ್ಲಿ ಡೆಸ್ಕ್‌ಟಾಪ್ ಉತ್ಪನ್ನಕ್ಕೆ ಪ್ರತ್ಯೇಕ ಆದಾಯ ಇದೆ ಅಂದರೆ ಅದನ್ನು ಸಾಧನದ ಜೊತೆ ‘ಉಚಿತ’ ಮಾಡುವ ಮಾತು ಬಂದ ದಿನ ಎಚ್ಚರವಾಗಿರಿ.

ವಿಂಡೋಸ್_ವಠಾರ

ನಾಲ್ಕು ತಿಂಗಳನ್ನು ಇಷ್ಟು ದೊಡ್ಡದು ಮಾಡಬೇಕಿಲ್ಲ ಅಂತ ನನಗನ್ನಿಸುತ್ತದೆ. ಮೈಕ್ರೋಸಾಫ್ಟ್ 2012ರಲ್ಲಿ ತಾನು ಸಾಧನ ಮತ್ತು ಸೇವೆಗಳ ಕಂಪನಿ ಅಂತ ಹೇಳಿಕೊಂಡಾಗ ವಿಂಡೋಸ್ 8 ದಿನಕ್ಕೆ ಸರಿಯಾಗಿ, ಅಕ್ಟೋಬರ್ 26ರಂದು, ತನ್ನದೇ ಟ್ಯಾಬ್ಲೆಟ್ ಸರ್ಫೇಸ್ ಜೊತೆಯಲ್ಲೇ ಬಂತು. ಆದರೆ ಟ್ಯಾಬ್ಲೆಟ್‌ಗಾಗಿ ಮಾಡಿದ ಮುಖಪುಟವನ್ನು ಮೌಸ್ ಹಿಡಿದ ಎಲ್ಲರಿಗೂ ಹಾಕಿದರು, ಸ್ಟಾರ್ಟ್ ಬಟನ್ ತೆಗೆದರು, ಮುಂದಿನ ವರ್ಷ 8.1ರಲ್ಲಿ ಬಟನ್ ವಾಪಸ್ ಕೊಟ್ಟರು. ಸರ್ಫೇಸ್ ಆರ್‌ಟಿಯಲ್ಲಿ ಹಳೆಯ ಡೆಸ್ಕ್‌ಟಾಪ್ ಪ್ರೋಗ್ರಾಂಗಳನ್ನು ಹಾಕಲು ಬರುತ್ತಿರಲಿಲ್ಲ. 2013ರ ಜುಲೈನಲ್ಲಿ ಅದರ ದಾಸ್ತಾನಿಗಾಗಿ 90 ಕೋಟಿ ಡಾಲರ್ ನಷ್ಟ ಬರೆದುಕೊಂಡರು. ಅಲ್ಲಿ ವೇಳಾಪಟ್ಟಿ ಉಳಿಯಿತು, ಬಳಕೆದಾರರ ಕೈ ಅಭ್ಯಾಸ ಹೋಯಿತು. ಆಪಲ್ ತಡ ಮಾಡಿದರೂ ಮ್ಯಾಕ್ ಮುಖವನ್ನು ಫೋನಿನಂತೆ ಮಾಡಲಿಲ್ಲ. ಎರಡರಲ್ಲಿ ತಡವೇ ಮೇಲು.

ಡಾರ್ವಿನ್_ಓದುಗ

ವಠಾರದವರ ಮಾತು ಒಪ್ಪುತ್ತೇನೆ. ಮುಖ ಬೇರೆ ಇರಲಿ, ತಳ ಒಂದಿರಲಿ. ತಳದಲ್ಲಿ ಆದ ಕೆಲಸ ಎರಡೂ ಕಡೆಗೆ ಸಿಗುತ್ತದೆ, ಆಗದೆ ಉಳಿದದ್ದು ಎರಡೂ ಕಡೆ ಇಲ್ಲ. ಕನ್ನಡವನ್ನೇ ನೋಡಿ. ಲೆಪರ್ಡ್ ಜೊತೆ ಕನ್ನಡ ಫಾಂಟ್ ಬರಲಿಲ್ಲ. ಕನ್ನಡ ಎಂಎನ್, ಕನ್ನಡ ಸಂಗಮ್ ಎಂಎನ್ ಬಂದದ್ದು 2011ರ ಲಯನ್‌ನಲ್ಲಿ. ಐಫೋನಿಗೆ ಆಪಲ್‌ನದೇ ಕನ್ನಡ ಕೀಲಿಮಣೆ 2017ರ ಐಓಎಸ್ 11ರವರೆಗೆ ಕಾಯಬೇಕಾಯಿತು.

ಈಗ ನಿಮ್ಮ ತಂಡ. ಯಾರನ್ನು ಕೊಡುತ್ತೀರಿ ಅನ್ನುವುದನ್ನು ಹೆಸರಿನ ಪಟ್ಟಿಯಿಂದ ಶುರು ಮಾಡಬೇಡಿ, ಕೋಡ್ ರೆಪೊಸಿಟರಿಯಿಂದ ಶುರು ಮಾಡಿ. ಕಳೆದ ಒಂದು ವರ್ಷದ ಕಮಿಟ್ (ಸೇರಿಸಿದ ಕೋಡ್ ಬದಲಾವಣೆಗಳು) ಮತ್ತು ರಿವ್ಯೂ ತೆಗೆದು, ಯಾವ ಮಾಡ್ಯೂಲನ್ನು ಒಬ್ಬರೇ ಮುಟ್ಟಿದ್ದಾರೆ ಅಂತ ಗುರುತು ಹಾಕಿ. ಅಂಥವರನ್ನು ಕೊಡಲೇಬೇಕಾದರೆ ಜೊತೆಗೆ ಇನ್ನೊಬ್ಬರು ಆ ಮಾಡ್ಯೂಲಿನಲ್ಲಿ ಒಂದು ರಿಲೀಸ್ ಆದರೂ ಮುಗಿಸಿರಬೇಕು. ಕ್ಯೂಎ ಜನರನ್ನು ಎಂಜಿನಿಯರುಗಳ ಜೊತೆಗೇ ಕಳಿಸಬೇಡಿ. ಆಪಲ್‌ಗೆ ಎರಡನ್ನೂ ಒಟ್ಟಿಗೆ ತೆಗೆಯಬೇಕಾಗಿ ಬಂತು, 10.5.0 ಹೇಗಿತ್ತು ಅಂತ ಕಟ್ಟೆಯವರು ಬರೆದಿದ್ದಾರೆ. ಡೆಸ್ಕ್‌ಟಾಪ್ ದಿನಾಂಕ ಮುಂದೆ ಹೋಗುವುದಾದರೆ ಗ್ರಾಹಕರಿಗೆ ಬಿಡುಗಡೆಗೆ ಎರಡು ತಿಂಗಳಿಗಿಂತ ಮುಂಚೆಯೇ ಕಾರಣ ಸಹಿತ ಹೇಳಿ. ಆಪಲ್ ಏಪ್ರಿಲ್‌ನಲ್ಲಿ ನೇರವಾಗಿ ಹೇಳಿದ್ದು, ಜೂನ್‌ನಲ್ಲಿ ಡೆವಲಪರ್‌ಗಳ ಕೈಗೆ ಬೀಟಾ ಕೊಟ್ಟದ್ದು, ಅದು ಸರಿಯಾಗಿ ಮಾಡಿದ ಕೆಲಸ. ಮತ್ತೆ, ಕೊಟ್ಟವರು ಯಾವಾಗ ವಾಪಸ್ ಬರುತ್ತಾರೆ ಅನ್ನುವ ದಿನಾಂಕವನ್ನು ಇಬ್ಬರು ಮ್ಯಾನೇಜರ್‌ಗಳ ಸಹಿಯೊಂದಿಗೆ ಬರೆಸಿಕೊಳ್ಳಿ. ಸಾಧನದ ಎರಡನೇ ಆವೃತ್ತಿ ಶುರುವಾದ ಮೇಲೆ ಕೇಳಿದರೆ ಯಾರೂ ಬಿಟ್ಟುಕೊಡುವುದಿಲ್ಲ.